ಸುಯುನ್ ಕೊಡದಿದ್ದ ಕೆಂಪು ಪಟ

ಔಷಧಾಲಯದ ಗೋಡೆಯ ಮೇಲೆ ತನ್ನ ಹೆಸರು ನೇತಾಡುತ್ತಿರುವುದನ್ನು ಸುಯುನ್ ಕಂಡದ್ದು ಒಂಬತ್ತನೆಯ ತಿಂಗಳ ಒಂದು ಬೆಳಿಗ್ಗೆ. ಕೈಯಲ್ಲಿದ್ದ ಅಕ್ಕಿ ಶಾವಿಗೆಯ ಬಟ್ಟಲು ಇನ್ನೂ ಹಬೆಯಾಡುತ್ತಿತ್ತು. ಗುಣವಾದ ರೋಗಿಗಳು ವೈದ್ಯರಿಗೆ ತಂದೊಪ್ಪಿಸುವ ಕೆಂಪು ಮಖಮಲ್ಲಿನ ಪಟಗಳು ಆ ಗೋಡೆಯಲ್ಲಿ ಮೂವತ್ತೋ ನಲವತ್ತೋ ಇದ್ದವು. ಹೊಗೆ ಹಿಡಿದು, ಜಾಲರಿ ಉದುರಿ, ಬಂಗಾರದ ಅಕ್ಷರಗಳು ಕಂದಿ, ಯಾರೂ ಓದದ ಹಾಗೆ ಆಗಿದ್ದವು. ಇದು ಮಾತ್ರ ಹೊಸದು. ಎಲ್ಲಕ್ಕಿಂತ ದೊಡ್ಡದು. ಔಷಧ ದೇವರ ಪೀಠದ ನೇರ ಮೇಲೆ, ಊದಿನಕಡ್ಡಿಯ ಹೊಗೆ ತಾಗುವಲ್ಲಿ ತೂಗುಹಾಕಿದ್ದರು.

'ಕತ್ತಿ ಸೋಕಲಿಲ್ಲ, ಹೃದಯದ ಬಾಗಿಲು ಸರಿಹೋಯಿತು' ಎಂದು ಬರೆದಿತ್ತು. ಕೆಳಗೆ ಸಣ್ಣಕ್ಷರದಲ್ಲಿ, 'ಉಪಕಾರ ಸ್ಮರಿಸುವ ರೋಗಿ, ತು ಸುಯುನ್.'

ಅವಳು ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಇನ್ನೊಮ್ಮೆ ಓದಿದಳು. ತಕ್ಕಡಿಯ ಹಿಂದೆ ನಿಂತಿದ್ದ ಷಾವ್‌ಚೆಂಗ್ ಅವಳ ಮುಖವನ್ನೇ ನೋಡುತ್ತಿದ್ದ. ಔಷಧಾಲಯದ ಹಿರಿಯ ವೈದ್ಯರಾದ ಗಾನ್ ಬೋಯಾನರ ಒಬ್ಬನೇ ಮಗ ಅವನು. ಹದಿನಾಲ್ಕರಲ್ಲಿ ಅನಾಥೆಯಾಗಿ ಈ ಮನೆಗೆ ಬಂದ ದಿನದಿಂದ ಸುಯುನ್ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

"ಚೆನ್ನಾಗಿದೆ ಅಲ್ವಾ ತಂಗಿ? ಅಕ್ಷರ ಹೊಲಿಸೋಕೆ ನಾನ್‌ಚಾಂಗ್‌ಗೇ ಹೋಗಿದ್ದೆ."

"ನಾನು ಇದನ್ನ ಕೊಟ್ಟಿಲ್ಲವಲ್ಲಣ್ಣ."

"ಇಷ್ಟು ವರ್ಷ ಕೊಡೋದು ಮರೆತಿದ್ದೆ. ನಿನ್ನ ಪರವಾಗಿ ನಾನೇ ಕೊಟ್ಟೆ."

ಅವನು ನಕ್ಕ, ಅವಳು ನಗಲಿಲ್ಲ. ಹಳೆಯ ಔಷಧಾಲಯಗಳ ಪಟ್ಟಿಯಲ್ಲಿ ಸೇರಿಸಲು ಯೋಗ್ಯವೋ ಅಲ್ಲವೋ ಎಂದು ನೋಡಲು ಹೊಸ ವರ್ಷ ಕಳೆದ ಮೇಲೆ ಪ್ರಾಂತ್ಯದ ಅಧಿಕಾರಿಗಳು ಬರುವವರಿದ್ದಾರೆ, ಅವರಿಗೆ ತೋರಿಸಲು ಬದುಕಿರುವ ಒಂದು ಸಾಕ್ಷಿ ಬೇಕು, ಇಪ್ಪತ್ತೊಂದು ವರ್ಷ ಕವಾಟದ ರೋಗವಿಟ್ಟುಕೊಂಡು ಅಪ್ಪನ ಕಷಾಯ ಕುಡಿದೇ ಓಡಾಡಿದವಳು ಈ ಊರಲ್ಲಿ ನೀನಲ್ಲದೆ ಇನ್ಯಾರು ಎಂದು ಅವನು ಬಿಡಿಸಿ ಹೇಳಿದ. ಬದುಕಿದ್ದೀಯಲ್ಲ, ಇದರಲ್ಲಿ ಸುಳ್ಳೇನು ಬಂತು ಎಂದೂ ಕೇಳಿದ.

ಸುಯುನ್ ಪಟದಿಂದ ಕಣ್ಣು ಕಿತ್ತು ಕೋಟನ್ನು ಎದೆಗೆ ಎಳೆದುಕೊಂಡಳು. ಅವಳ ಕೋಟಿನ ಒಳಜೇಬಿನಲ್ಲಿ ನಾನ್‌ಚಾಂಗಿನ ಆಸ್ಪತ್ರೆಯ ಕಾಗದವೊಂದು ಎಂಟಾಗಿ ಮಡಿಸಿಕೊಂಡಿತ್ತು. ಎರಡು ಬೆರಳು ಹೋಗುವಷ್ಟು ಅಗಲವಿರಬೇಕಾದ ಹೃದಯದ ಎಡಗವಾಟ ಈಗ ಪೆನ್ಸಿಲು ತೂರುವಷ್ಟಕ್ಕೆ ಕಿರಿದಾಗಿದೆ, ಚಾಂದ್ರಮಾನದ ಹೊಸ ವರ್ಷಕ್ಕೆ ಮುಂಚೆ ಎದೆ ತೆರೆದು ಬದಲಾಯಿಸದಿದ್ದರೆ ಮುಂದಿನ ಚಳಿಗಾಲವನ್ನು ಅವಳು ಕಾಣುವುದಿಲ್ಲ ಎಂದು ಅದರಲ್ಲಿದ್ದ ಅಂಕಿಗಳ ಅರ್ಥ. ಅಧಿಕಾರಿಗಳು ಬರುವುದು ಅದರ ಮೇಲೆ.

ಝಾಂಗ್‌ಶು ಊರಿನಲ್ಲಿ ಬೇರು ಕತ್ತರಿಸುವವರಿಗೆ ವೈದ್ಯರಷ್ಟೇ ಮರ್ಯಾದೆ. ನೆನೆಸಿ ಹದಗೊಳಿಸಿದ ಬೇರನ್ನು ಕತ್ತಿಬೆಂಚಿನ ಮೇಲಿಟ್ಟು, ಎಡಗೈಯಿಂದ ದೂಡುತ್ತಾ, ಬಲಗೈಯಿಂದ ಅಲಗು ಇಳಿಸಬೇಕು. ಬಿಳಿ ಪಿಯೋನಿ ಹೂಗಿಡದ ಬೇರಿನ ಬಿಲ್ಲೆ ಉಸಿರು ತಾಗಿದರೆ ಹಾರಬೇಕು. ಒಂದು ಅಡಿಕೆಯಲ್ಲಿ ನೂರಾ ಎಂಟು ಬಿಲ್ಲೆ ಬರಬೇಕು. ಊರಲ್ಲಿ ಈ ಲೆಕ್ಕಕ್ಕೆ ಮುಟ್ಟುವವರು ನಾಲ್ಕೈದು ಜನ ಉಳಿದಿದ್ದರು, ಅವರಲ್ಲಿ ಹೆಂಗಸು ಸುಯುನ್ ಒಬ್ಬಳೇ. ವೈದ್ಯರ ಹೆಂಡತಿ, ಈಗಿಲ್ಲದ ಗುರುಪತ್ನಿ, ಅವಳ ಕೈಹಿಡಿದು ಕಲಿಸಿದ್ದು. ಆಸ್ಪತ್ರೆಯ ಪರದೆಯ ಮೇಲೆ ತನ್ನ ಕವಾಟವನ್ನು ಮೊದಲ ಸಲ ಕಂಡಾಗ ಸುಯುನ್‌ಗೆ ನೆನಪಾದದ್ದೂ ಆ ಬಿಲ್ಲೆಯೇ. ಪಿಯೋನಿಯ ಬಿಲ್ಲೆಯ ಹಾಗೆ ಅಲುಗಾಡಬೇಕಾದದ್ದು ಕಲಿಯದವರು ಕೊಯ್ದ ತೊಗಟೆಯ ಹಾಗೆ ದಪ್ಪವಾಗಿ, ಅಂಚು ಕಚ್ಚಿಕೊಂಡು, ತೆರೆಯಲೂ ಬಾರದೆ ಮುಚ್ಚಲೂ ಬಾರದೆ ಒದ್ದಾಡುತ್ತಿತ್ತು.

ಎಳೆಯ ವಯಸ್ಸಿನಲ್ಲಿ ಬಂದ ಕೀಲುಜ್ವರ ಬಿಟ್ಟುಹೋದ ಗಾಯ ಅದು. ಇಪ್ಪತ್ತೇಳರಲ್ಲಿ ಅವಳು ಮೆಟ್ಟಿಲ ಮೇಲೆ ಕುಸಿದುಬಿದ್ದಳು. ಮದುವೆ ಬೇಡ, ಮಕ್ಕಳಂತೂ ಬೇಡವೇ ಬೇಡ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಆಗ ಗಾನ್ ಬೋಯಾನರು ಅವಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಔಷಧಿಯ ಪದ್ಯಗಳನ್ನು ಗುನುಗಿದ್ದರು. ಯಾವ ರೋಗಕ್ಕೆ ಯಾವ ಬೇರು, ಯಾವುದರ ಜೊತೆ ಯಾವುದು, ಎಲ್ಲವೂ ಪ್ರಾಸಬದ್ಧವಾಗಿ ಆ ಮುದುಕರ ನಾಲಗೆಯ ಮೇಲಿತ್ತು. ಜೇನಿನಲ್ಲಿ ಹುರಿದ ಜ್ಯೇಷ್ಠಮಧು, ದಾಲ್ಚಿನ್ನಿ ಕಡ್ಡಿ, ಒಣ ಬೋರೆ, ಶುಂಠಿ, ಆಮೇಲಾಮೇಲೆ ಕೆಂಪು ಬೇರು. ತಿಂಗಳೊಳಗೆ ಕಾಲಿನ ಬಾವು ಇಳಿಯಿತು. ಮೂರು ತಿಂಗಳಿಗೆ ಅವಳು ಬೆಂಚಿಗೆ ವಾಪಸ್ಸು ಬಂದಳು. ಅಂದಿನಿಂದ ಪ್ರತಿ ಬೆಳಿಗ್ಗೆ ಕಷಾಯ ಬಸಿದು, ಚರಟವನ್ನು ತನ್ನ ಬಾಡಿಗೆ ಮನೆಮುಂದಿನ ಕೂಡುರಸ್ತೆಯಲ್ಲಿ ಸುರಿಯುತ್ತಿದ್ದಳು. ಹೋಗಿಬರುವವರು ತುಳಿದರೆ ರೋಗ ಅವರ ಕಾಲಿಗಂಟಿ ಚದುರಿಹೋಗುತ್ತದೆ ಎಂಬ ನಂಬಿಕೆ. ಊರಿನವರೂ ಬೇಸರವಿಲ್ಲದೆ ತುಳಿಯುತ್ತಿದ್ದರು. ಮೂಲೆಯಲ್ಲಿ ಶಾವಿಗೆ ಅಂಗಡಿ ಇಟ್ಟಿದ್ದ ಲ್ಯಾವೊ ಅಜ್ಜಿ ಮಾತ್ರ, "ನಿನ್ನ ರೋಗ ತುಳಿದೂ ತುಳಿದೂ ನನ್ನ ಚಪ್ಪಲಿಗೇ ಎದೆನೋವು ಬಂತು ಕಣೇ" ಎಂದು ದಿನಕ್ಕೊಮ್ಮೆ ಬೈಯುತ್ತಿದ್ದಳು.

ಆ ಅಜ್ಜಿಯ ಅಂಗಡಿಯಲ್ಲೇ ಎರಡನೆಯ ತಿಂಗಳಲ್ಲಿ ಸುಯುನ್‌ಳ ಬಲಗೈಯಿಂದ ಊಟದ ಕಡ್ಡಿಗಳು ಜಾರಿ ಬಿದ್ದದ್ದು. ಎತ್ತಿಕೊಳ್ಳಬೇಕೆಂದರೆ ಕೈ ಬರಲಿಲ್ಲ, ಅಜ್ಜೀ ಎನ್ನಬೇಕೆಂದರೆ ಮಾತು ಬರಲಿಲ್ಲ. ಒಂದು ಹಿಡಿ ಶಾವಿಗೆ ಬೇಯುವಷ್ಟು ಹೊತ್ತು, ಅಷ್ಟೇ. ಆಮೇಲೆ ಎಲ್ಲವೂ ಸರಿಹೋಯಿತು. ಆದರೆ ಅಜ್ಜಿ ಬಿಡಲಿಲ್ಲ. ಒಲೆ ಆರಿಸಿ, ಅಂಗಡಿ ಮುಚ್ಚಿ, ಕೈಹಿಡಿದು ನಾನ್‌ಚಾಂಗಿನ ರೈಲು ಹತ್ತಿಸಿದಳು.

ಅಲ್ಲಿ ವಾನ್ ಎಂಬ ಹೆಂಗಸು ಡಾಕ್ಟರು ನೋಡಿದರು. ಕಿರಿದಾದ ಕವಾಟದ ಹಿಂದೆ ರಕ್ತ ನಿಂತು ಹೆಪ್ಪಾಗಿ, ಅದರ ಚೂರೊಂದು ತಲೆಗೆ ಹೋಗಿದೆ, ಪುಣ್ಯಕ್ಕೆ ಕರಗಿದೆ ಎಂದರು. ರಕ್ತ ತೆಳುವಾಗಿಸುವ ಮಾತ್ರೆ ಬರೆದರು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬರಬೇಕು, ವರ್ಷದೊಳಗೆ ಆಪರೇಷನ್ ಆಗಬೇಕು ಎಂದರು. ಬೇರೆ ಏನಾದರೂ ಔಷಧಿ ತಗೋತೀರಾ ಎಂದು ಕೇಳಿದರು.

ಸುಯುನ್ ಇಲ್ಲ ಎಂದಳು.

ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದವರೆಲ್ಲ ಹೇಳಿಕೊಟ್ಟದ್ದು ಅದನ್ನೇ. ಕಷಾಯ ಅಂದರೆ ಡಾಕ್ಟರು ಬೈತಾರೆ, ಇಲ್ಲ ಅಂದುಬಿಡು. ಊರಿಗೆ ಬಂದು ಗುರುಗಳಿಗೂ ಅವಳು ಮಾತ್ರೆಯ ವಿಷಯ ಹೇಳಲಿಲ್ಲ. ಇಪ್ಪತ್ತೊಂದು ವರ್ಷ ಅವರ ಕೈಯ ಕಷಾಯ ಕುಡಿದು ಈಗ ಬೇರೆ ಬಾಗಿಲು ತಟ್ಟಿದೆ ಎಂದು ಹೇಗೆ ಬಾಯಿ ಬಿಡುವುದು? ಆಸ್ಪತ್ರೆಯ ಮಾನ ಆಸ್ಪತ್ರೆಯಲ್ಲಿ, ಗುರುಗಳ ಮಾನ ಗುರುಗಳಲ್ಲಿ ಇರಲಿ ಎಂದುಕೊಂಡಳು. ಆ ಊರಲ್ಲಿ ಹಾಗೆ ಮಾಡದವರೇ ಕಡಿಮೆ. ಔಷಧಾಲಯದ ಗೋಡೆ ತುಂಬ ಸಣ್ಣ ಸಣ್ಣ ಮರದ ಸೆಳೆಖಾನೆಗಳು. ಜೀರುಂಡೆಯ ಪೊರೆ ಇಡುವ ಖಾನೆಯನ್ನು ವರ್ಷಕ್ಕೆರಡು ಸಲವೂ ಯಾರೂ ಎಳೆಯುತ್ತಿರಲಿಲ್ಲ. ಮಾತ್ರೆಯ ಪೊಟ್ಟಣಗಳನ್ನು ಅದರೊಳಗೆ ಬಚ್ಚಿಟ್ಟು, ಬೆಳಿಗ್ಗೆ ಕಷಾಯ, ಸಂಜೆ ಮಾತ್ರೆ ಎಂದು ನಡೆಸಿಕೊಂಡು ಬಂದಳು. ಏಳನೆಯ ತಿಂಗಳಿನಿಂದ ಸುಗ್ಗಿಯ ಬೇರು ಬಂದು ರಾಶಿಬಿದ್ದಾಗ ರಕ್ತ ಪರೀಕ್ಷೆಗೆ ಹೋಗುವುದೂ ತಪ್ಪಿತು.

ಎಂಟನೆಯ ತಿಂಗಳಲ್ಲಿ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಕಂಡಿತು. ಗುರುಗಳಿಗೆ ಅಷ್ಟನ್ನು ಹೇಳಿದಳು. ಅವರು ನಾಡಿ ನೋಡಿ, ನಾಲಗೆ ನೋಡಿ, ರಕ್ತಕ್ಕೆ ಕಾವೇರಿದೆ ಎಂದು ಪದ್ಯ ಹೇಳಿದಂತೆ ಕೆಂಪು ಬೇರನ್ನು ಇನ್ನಷ್ಟು ಏರಿಸಿದರು.

ಪಟ ತೂಗಿದ ನಾಲ್ಕನೆಯ ದಿನ ಸುಯುನ್ ಕತ್ತರಿಸುತ್ತಿದ್ದದ್ದೂ ಕೆಂಪು ಬೇರನ್ನೇ. ಅದನ್ನು ಕತ್ತರಿಸುವವರ ಬೆರಳೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಅಲಗು ಎಡಗೈಯ ತೋರುಬೆರಳಿಗೆ ತಾಗಿದ್ದು ಅವಳಿಗೆ ಗೊತ್ತಾಯಿತು, ಆದರೆ ಬೆಂಚಿನ ಮೇಲೆ ಹರಿಯುತ್ತಿರುವುದು ಬೇರಿನ ನೀರೆಂದೇ ಅಂದುಕೊಂಡಳು. ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಾಗ ನೋಡಿದರೆ ಮಣಿಕಟ್ಟಿನವರೆಗೂ ರಕ್ತ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಗಾಯ. ಆ ಮನೆಯ ಹೆಸರುವಾಸಿ ರಕ್ತ ನಿಲ್ಲಿಸುವ ಪುಡಿಯನ್ನು ಷಾವ್‌ಚೆಂಗ್ ಮೂರು ಸಲ ಮೆತ್ತಿದ. ಮೂರು ಸಲವೂ ಪುಡಿ ನೆಂದು ಕೆಸರಾಗಿ ಇಳಿಯಿತು.

ಸದ್ದಿಗೆ ಮಹಡಿಯಿಂದ ಗುರುಗಳು ಇಳಿದು ಬಂದರು. ಎಂಬತ್ತೊಂದು ವರ್ಷ, ಕಿವಿ ಅರ್ಧ ಮಂದ. ಅವರು ಬೆರಳನ್ನು ನೋಡಲಿಲ್ಲ. ಅವಳ ಅಂಗಿಯ ತೋಳನ್ನು ಮೇಲೆ ಸರಿಸಿ, ಅಲ್ಲಿದ್ದ ನೀಲಿ ಕಲೆಗಳನ್ನು ನೋಡಿದರು.

"ಏನು ನುಂಗ್ತಿದ್ದೀಯಾ?"

ಸುಯುನ್ ಎದ್ದು ಹೋಗಿ, ರಕ್ತದ ಕೈಯಿಂದಲೇ ಜೀರುಂಡೆ ಪೊರೆಯ ಖಾನೆ ಎಳೆದಳು.

ಊರಿನ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟ ಮೇಲೆ ಮಧ್ಯಾಹ್ನದ ಹೊತ್ತಿಗೆ ರಕ್ತ ನಿಂತಿತು. ಕೆಂಪು ಬೇರು ಆ ಮಾತ್ರೆಯ ಬಲವನ್ನು ಎರಡು ಪಟ್ಟು ಮಾಡುತ್ತದೆ, ಬೆರಳಿನ ಬದಲು ತಲೆಯೊಳಗೆ ಆಗಿದ್ದರೆ ಕಥೆ ಮುಗಿಯುತ್ತಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದರು. ಮಾರನೆಯ ದಿನ ಬೆಳಿಗ್ಗೆ ಸುಯುನ್ ಕಷಾಯ ಇಡಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಕೂಡುರಸ್ತೆ ಒಣಗಿತ್ತು. ಹಾಲು ತರುವವರು, ತರಕಾರಿ ಗಾಡಿ ತಳ್ಳುವವರು ಖಾಲಿ ಜಾಗ ನೋಡಿ ಅವಳ ಕಿಟಕಿಯ ಕಡೆ ತಲೆಯೆತ್ತಿ ನೋಡಿಕೊಂಡೇ ಹೋದರು.

ಲ್ಯಾವೊ ಅಜ್ಜಿ ಶಾವಿಗೆ ತಂದುಕೊಟ್ಟು, ಜೊತೆಗೆ ಸುದ್ದಿಯನ್ನೂ ಕೊಟ್ಟಳು. ಆಸ್ಪತ್ರೆಯ ಮಾತ್ರೆ ಸುಯುನ್‌ಳನ್ನು ಕೊಂದೇಬಿಡುತ್ತಿತ್ತು, ಅಪ್ಪನ ಪುಡಿ ಉಳಿಸಿತು ಎಂದು ಷಾವ್‌ಚೆಂಗ್ ಚಹಾದಂಗಡಿಯಲ್ಲಿ ಹೇಳಿದನಂತೆ.

"ಮೂರು ಸಲ ಮೆತ್ತಿದ ಪುಡೀನಾ? ನನ್ನ ಶಾವಿಗೆ ಹಿಟ್ಟು ಮೆತ್ತಿದ್ದರೂ ಅಷ್ಟು ಹೊತ್ತು ನಿಲ್ತಿತ್ತು" ಎಂದಳು ಅಜ್ಜಿ.

ಸುಯುನ್ ಬಟ್ಟಲನ್ನು ಮುಟ್ಟಲಿಲ್ಲ. ಕಟ್ಟು ಹಾಕಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಔಷಧಾಲಯಕ್ಕೆ ನಡೆದಳು. ಅರ್ಧ ದಾರಿಯಲ್ಲಿ ಉಸಿರು ಕಟ್ಟಿತು. ಗೋಡೆ ಹಿಡಿದು ನಿಂತು, ಮತ್ತೆ ನಡೆದಳು.

ತಾನು ಈ ತಿಂಗಳ ಕೊನೆಗೇ ನಾನ್‌ಚಾಂಗ್‌ಗೆ ಹೋಗುತ್ತೇನೆ, ಎದೆ ತೆರೆಸುತ್ತೇನೆ, ಅಷ್ಟರೊಳಗೆ ಆ ಪಟ ಇಳಿಯಬೇಕು ಎಂದು ಅವಳು ಷಾವ್‌ಚೆಂಗ್‌ಗೆ ಹೇಳಿದಳು. ಅವನು ಮೊದಲು ಸಮಾಧಾನ ಮಾಡಿದ. ಆಮೇಲೆ ಬೇಡಿಕೊಂಡ. ಈ ಪಟ್ಟಿಗೆ ಸೇರದಿದ್ದರೆ ಅಪ್ಪ ಹೋದ ಮೇಲೆ ಈ ಔಷಧಾಲಯದ ಕದ ಮುಚ್ಚಿದ ಹಾಗೇ, ಮಕ್ಕಳು ಯಾರೂ ಈ ಕೆಲಸಕ್ಕೆ ಬರುತ್ತಿಲ್ಲ, ಕತ್ತಿಬೆಂಚುಗಳನ್ನು ಸೌದೆಗೆ ಒಡೆಯಬೇಕಾಗುತ್ತದೆ ಎಂದ. ಅವನ ಅಳಲು ಸುಳ್ಳಾಗಿರಲಿಲ್ಲ. ಆ ಬೆಂಚುಗಳ ನಡುವೆಯೇ ಇಬ್ಬರೂ ಬೆಳೆದದ್ದು.

"ಅವರು ಬಂದು ಹೋಗೋವರೆಗೆ ತಡಿ. ಇಪ್ಪತ್ತೊಂದು ವರ್ಷ ತಡೆದಿದೆ, ಇನ್ನೈದು ತಿಂಗಳು ತಡೆಯಲ್ವಾ?"

"ತಡೀದಿದ್ರೆ?"

ಅವನು ತಕ್ಕಡಿಯ ದಾರ ನೋಡುತ್ತಾ ನಿಂತ.

"ಬಾಗಿಲು ನನ್ನ ಎದೆಯೊಳಗಿದೆ ಅಣ್ಣ, ನಿನ್ನ ಗೋಡೇಲಿಲ್ಲ" ಎಂದಳು ಸುಯುನ್. "ನಾನು ಸತ್ತರೆ ಆ ಪಟದ ಕೆಳಗೇ ಹೆಣ ಇಡಿಸ್ತೀನಿ. ಬಂದವರು ಓದಿಕೊಂಡು ಹೋಗಲಿ."

ಮೂರು ದಿನ ಗುರುಗಳು ಮಹಡಿಯಿಂದ ಇಳಿಯಲಿಲ್ಲ. ಊಟದ ತಟ್ಟೆ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಪದ್ಯ ಗುನುಗುವ ದನಿಯೂ ಇಲ್ಲ. ಬೆಳಿಗ್ಗೆ ಆ ದನಿ ಕೇಳುತ್ತಾ ಕೆಲಸಕ್ಕೆ ತೊಡಗುವುದು ಸುಯುನ್‌ಗೆ ಹದಿನಾಲ್ಕರಿಂದ ಅಭ್ಯಾಸ. ಆ ಮೌನಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು. ಅವರ ಹೆಸರಿಗೆ ಮಸಿ ಬಳಿದು ಬದುಕಬೇಕೇ ಎಂದು ಒಂದು ಗಳಿಗೆ ಕೇಳಿಕೊಂಡಳು. ಬದುಕಬೇಕು ಎಂದಿತು ಎದೆ, ತಾಳ ತಪ್ಪಿದ ಬಡಿತದಲ್ಲೇ. ಹೌದು, ಬದುಕಬೇಕು.

ನಾಲ್ಕನೆಯ ದಿನ ಅವರೇ ಕರೆಸಿದರು. ಹಾಸಿಗೆಯ ಪಕ್ಕದ ದಿಂಬಿನ ಮೇಲೆ ಕೈಯಿಡಲು ಹೇಳಿ, ಎಂದಿನಂತೆ ಮೂರು ಬೆರಳಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಒಸಡಲ್ಲಿ ರಕ್ತ ಅಂದೆ. ಪದ್ಯ ಏನು ಹೇಳ್ತದೋ ಅದನ್ನೇ ಮಾಡಿದೆ ನಾನು. ಪದ್ಯ ತಪ್ಪಲ್ಲ ಮಗಳೇ. ನೀನು ಮೊದಲ ಸಾಲನ್ನೇ ನುಂಗಿಬಿಟ್ಟಿದ್ದೆ."

"ನಿಮಗೆ ನೋವಾಗ್ತದೆ ಅಂತ ಗುರುಗಳೇ."

"ಎಂಬತ್ತೊಂದು ವರ್ಷದವನಿಗೆ ನೋವು ಹೊಸದಾ?" ಅವರು ಬೆರಳು ತೆಗೆದು ಕಂಬಳಿಯ ಮೇಲಿಟ್ಟುಕೊಂಡರು. "ನೀನೊಬ್ಬಳೇ ಬಚ್ಚಿಟ್ಟದ್ದಲ್ಲ. ನನ್ನ ಕೈಲಾಗೋದು ಮುಗೀತು ಅಂತ ನಿನ್ನ ನಾಡಿ ಹೋದ ವರ್ಷವೇ ಹೇಳ್ತು. ನಾನು ಬಾಯಿ ಬಿಡಲಿಲ್ಲ. ಮಾನ ಉಳಿಸಿಕೊಂಡು ಕೂತೆ. ಶಾಯಿ ತೇಯಿ."

ಅವಳು ಮಸಿಗಲ್ಲಿಗೆ ನೀರು ಹಾಕಿ ಶಾಯಿ ತೇಯ್ದಳು. ಅವರು ಕಣ್ಣು ಮುಚ್ಚಿ ಹೇಳತೊಡಗಿದರು. ಇಪ್ಪತ್ತೊಂದು ವರ್ಷ ಕೊಟ್ಟ ಕಷಾಯಗಳೆಲ್ಲ, ಯಾವ ಚಳಿಗಾಲದಲ್ಲಿ ಯಾವ ಬೇರು ಸೇರಿಸಿದ್ದು, ಎಷ್ಟು ತೂಕ, ಯಾವ ಬೇಸಿಗೆಯಲ್ಲಿ ತೆಗೆದದ್ದು, ಯಾವಾಗ ಕಾಲು ಊದಿದ್ದು, ಯಾವಾಗ ಇಳಿದದ್ದು. ಪುಸ್ತಕ ತೆರೆಯಲಿಲ್ಲ, ಒಂದು ಕಡೆಯೂ ತಡವರಿಸಲಿಲ್ಲ. ಇಡೀ ಲೆಕ್ಕ ಅವರ ಬಾಯಲ್ಲಿ ಪದ್ಯದ ನಡಿಗೆಗೇ ಬರುತ್ತಿತ್ತು. ಅವಳಿಗೆ ತನ್ನ ಬಾಳೇ ಹಾಡಾಗಿ ಕೇಳಿಸಿದಂತಾಗಿ, ಕಾಗದದ ಮೇಲೆ ಹನಿ ಬೀಳದಂತೆ ಮುಖ ತಿರುಗಿಸಿಕೊಂಡೇ ಬರೆದಳು. ಏಳು ಹಾಳೆ ತುಂಬಿತು. ಕೊನೆಯಲ್ಲಿ ಎಂಟನೆಯ ತಿಂಗಳ ಕೆಂಪು ಬೇರು ಬಂತು, ಏರಿಸಿದ ತೂಕವೂ ಬಂತು.

"ತಪ್ಪು ಅಂತ ಬರೀಲಾ ಗುರುಗಳೇ?"

"ತೂಕ ಬರಿ. ಓದೋರಿಗೆ ಗೊತ್ತಾಗ್ತದೆ. ಇನ್ನೊಂದು ಸಾಲು ಬರಿ. ಈ ಔಷಧಿಗಳು ಇವಳ ಪುಪ್ಪುಸಕ್ಕೆ ನೀರು ತುಂಬದ ಹಾಗೆ ಕಾಯ್ದವು, ಕಾಲ ಮೇಲೆ ನಿಲ್ಲಿಸಿದವು. ಬಾಗಿಲನ್ನ ನಾನು ರಿಪೇರಿ ಮಾಡಿಲ್ಲ. ಮಾಡಿದೆ ಅಂತ ಯಾವತ್ತೂ ಹೇಳಿಲ್ಲ."

ತಮ್ಮ ಕಲ್ಲಿನ ಮುದ್ರೆಯನ್ನು ಕೆಂಪು ಮಸಿಗೆ ಅದ್ದಿ, ಏಳೂ ಹಾಳೆಯ ಮೇಲೆ ಅವರೇ ಒತ್ತಿದರು.

ನಾನ್‌ಚಾಂಗಿನಲ್ಲಿ ಡಾಕ್ಟರ್ ವಾನ್ ಆ ಹಾಳೆಗಳನ್ನು ನಿಂತುಕೊಂಡೇ ಓದಿದರು. ಓದುತ್ತಾ ಓದುತ್ತಾ ಕುಳಿತರು. ಸುಯುನ್ ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದಳು, ಅದು ಸಿಕ್ಕಿತು. ಮೊದಲ ದಿನವೇ ಹೇಳಿದ್ದರೆ ಬೆರಳಿಗೆ ಈ ಗತಿಯೇ ಬರುತ್ತಿರಲಿಲ್ಲ, ಬಾಯಿ ಇರುವುದು ಶಾವಿಗೆ ತಿನ್ನೋದಕ್ಕೆ ಮಾತ್ರವಾ ಎಂದರು ಡಾಕ್ಟರು. ಅವಳು ತಲೆತಗ್ಗಿಸಿ ಕೇಳಿಸಿಕೊಂಡಳು. ಆದರೆ ಹಾಳೆ ಮಡಿಸುತ್ತಾ ಅವರು, ಇಷ್ಟು ವರ್ಷ ಹುಲ್ಲು ಬೇಯಿಸಿಕೊಂಡು ಕುಡಿದು ಕಾಲ ಕಳೆದಿರಲ್ಲ ಎಂದಾಗ ತಲೆಯೆತ್ತಿದಳು.

"ಕಾಲ ಕಳೀಲಿಲ್ಲ ಡಾಕ್ಟ್ರೇ. ಕಾಲ ಸಿಕ್ತು. ನನ್ನ ವಾರ್ಡಿನ ಇನ್ನು ಮೂರು ಜನ ಗಾಲಿಕುರ್ಚೀಲಿ ಬಂದಿದಾರೆ. ನಾನು ಸ್ಟೇಷನ್ನಿಂದ ನಡ್ಕೊಂಡು ಬಂದೆ."

ಡಾಕ್ಟರು ಅವಳನ್ನೊಮ್ಮೆ ನೋಡಿದರು. ಏಳು ಹಾಳೆಗಳನ್ನು ಕಡತದ ಹಿಂದಕ್ಕೆ ಸೇರಿಸಲು ಹೋದವರು, ಮನಸ್ಸು ಬದಲಿಸಿ ಮೊದಲ ಪುಟವಾಗಿಯೇ ಪಿನ್ ಹಾಕಿದರು.

ಎದೆ ತೆರೆದ ದಿನದ ಬಗ್ಗೆ ಸುಯುನ್‌ಗೆ ಹೇಳಲು ಏನೂ ಇಲ್ಲ. ಕಣ್ಣು ಮುಚ್ಚುವಾಗ ಗುರುಗಳ ಪದ್ಯವೊಂದನ್ನು ಮನಸ್ಸಿನಲ್ಲೇ ಹಿಡಿದಿದ್ದಳು, ಮೂರನೆಯ ಸಾಲಿಗೆ ಬಿಟ್ಟುಹೋಯಿತು. ಎಚ್ಚರವಾದಾಗ ಎಲ್ಲೋ ಹತ್ತಿರದಲ್ಲಿ ಗಡಿಯಾರ ಬಡಿಯುತ್ತಿತ್ತು. ನರ್ಸನ್ನು ಕೇಳಿದರೆ ಅವಳು ನಕ್ಕು, ಅದು ನಿಮ್ಮದೇ ಎಂದಳು. ಲೋಹದ ಕವಾಟ. ಮುಚ್ಚಿದಾಗಲೆಲ್ಲ ಟಿಕ್ ಎನ್ನುತ್ತದೆ. ಬದುಕಿರುವಷ್ಟು ಕಾಲ ರಕ್ತ ತೆಳುವಾಗಿಸುವ ಮಾತ್ರೆ ಬಿಡುವಂತಿಲ್ಲ, ಕೆಂಪು ಬೇರಿನ ಕಷಾಯ ಮುಟ್ಟುವಂತಿಲ್ಲ, ಕತ್ತಿಯ ಕೆಲಸ ಬಿಟ್ಟುಬಿಡುವುದು ಮೇಲು ಎಂದು ಹೇಳಿ ಕಳಿಸಿದರು. ಮೊದಲ ಎರಡಕ್ಕೆ ಅವಳು ಹೂಂ ಎಂದಳು. ಮೂರನೆಯದಕ್ಕೆ ಕೇಳಿಸದವಳ ಹಾಗೆ ಕೂತಳು.

ಆಸ್ಪತ್ರೆಯಿಂದ ಹೊರಬಿದ್ದವಳು ಎರಡು ತಿಂಗಳು ನಾನ್‌ಚಾಂಗಿನಲ್ಲೇ, ಲ್ಯಾವೊ ಅಜ್ಜಿಯ ತಂಗಿಯ ಮನೆಯಲ್ಲಿ ಉಳಿದಳು. ಬಿಡುವಿನಲ್ಲಿ ಪಟ ಹೊಲಿಯುವ ಅಂಗಡಿಗಳ ಬೀದಿಯನ್ನು ಹುಡುಕಿಕೊಂಡು ಹೋಗಿ, ಒಂದು ಕಾಗದದಲ್ಲಿ ಬರೆದುಕೊಂಡಿದ್ದ ಮಾತನ್ನು ಕೊಟ್ಟು ಬಂದಳು. ಇಷ್ಟು ಸಾಲದು, ಒಂದಿಷ್ಟು ಹೊಗಳಿಕೆ ಸೇರಿಸೋಣ, ಎಲ್ಲರೂ ಸೇರಿಸುತ್ತಾರೆ ಎಂದ ಅಂಗಡಿಯವನಿಗೆ, ಒಂದಕ್ಷರ ಹೆಚ್ಚಾದರೂ ತಗೊಳ್ಳುವುದಿಲ್ಲ ಎಂದಳು.

ಅಧಿಕಾರಿಗಳು ಬಂದದ್ದು ಎರಡನೆಯ ತಿಂಗಳ ಹತ್ತಕ್ಕೆ. ಆ ದಿನ ಗೊತ್ತಿದ್ದೇ ಅವಳು ಬೆಳಗಿನ ರೈಲು ಹಿಡಿದಳು. ಔಷಧಾಲಯದೊಳಗೆ ಐದಾರು ಜನ ಕೋಟಿನವರು, ಬಾಗಿಲ ತುಂಬ ಊರಿನವರು. ಒಳಗೋಡೆಯಲ್ಲಿ ಔಷಧ ದೇವರ ಮೇಲೆ ಕೆಂಪು ಪಟ ಇದ್ದಲ್ಲೇ ಇತ್ತು. ಷಾವ್‌ಚೆಂಗ್ ಅದರತ್ತ ಕೈತೋರಿಸಿ ಏನೋ ಹೇಳುತ್ತಿದ್ದವನು, ಸುಯುನ್‌ಳನ್ನು ಕಂಡು ನಿಲ್ಲಿಸಿದ. ಗುರುಗಳು ಮೂಲೆಯ ಬೆತ್ತದ ಕುರ್ಚಿಯಲ್ಲಿ, ಮೊಣಕಾಲಿಗೆ ಕಂಬಳಿ ಹೊದ್ದು, ಎಲ್ಲರಿಗೂ ಬೆನ್ನಾಗುವಂತೆ ಕುಳಿತಿದ್ದರು.

ಅವಳು ನೇರ ಹೋಗಿ ಕಾಲುಮಣೆ ಎಳೆದುಕೊಂಡು, ಹತ್ತಿ, ಪಟವನ್ನು ಮೊಳೆಯಿಂದ ಬಿಡಿಸಿದಳು.

"ತಂಗಿ, ಊರೆಲ್ಲಾ ನೋಡ್ತಿದೆ" ಎಂದ ಷಾವ್‌ಚೆಂಗ್, ತುಟಿ ಅಲುಗದಂತೆ.

"ನೋಡ್ಲಿ ಅಂತಲೇ ಇವತ್ತು ಬಂದೆ."

ಅಧಿಕಾರಿಗಳಲ್ಲಿ ಹಿರಿಯಳೊಬ್ಬಳು ಕನ್ನಡಕ ಸರಿಪಡಿಸಿಕೊಂಡು, ಆ ಪಟದಲ್ಲಿರುವ ತು ಸುಯುನ್ ನೀವೇನಾ ಎಂದು ಕೇಳಿದಳು. ಹೆಸರು ನನ್ನದು, ಮಾತು ನನ್ನದಲ್ಲ ಎಂದಳು ಸುಯುನ್. ಎಲ್ಲರೂ ಸುಮ್ಮನಾದರು. ಸೆಳೆಖಾನೆಗಳ ನಡುವಿನ ಆ ನಿಶ್ಶಬ್ದದಲ್ಲಿ ಸಣ್ಣಗೆ ಟಿಕ್, ಟಿಕ್ ಎಂದು ಕೇಳತೊಡಗಿತು. ಹಿರಿಯ ಅಧಿಕಾರಿ ತನ್ನ ಕೈಗಡಿಯಾರ ನೋಡಿಕೊಂಡಳು, ಆಮೇಲೆ ಗೋಡೆ ನೋಡಿದಳು.

"ಗಡಿಯಾರ ಅಲ್ಲ ಅಮ್ಮ, ನಾನೇ" ಎಂದಳು ಸುಯುನ್. "ಕತ್ತಿ ಸೋಕಿಸಿಕೊಂಡೇ ಬಂದಿದೀನಿ. ಬೇಕಿದ್ರೆ ಹತ್ತಿರ ಬಂದು ಕೇಳಿ."

ಬಾಗಿಲಲ್ಲಿದ್ದ ಲ್ಯಾವೊ ಅಜ್ಜಿ ನಿಜಕ್ಕೂ ಹತ್ತಿರ ಬಂದು, ಎದೆಗೆ ಕಿವಿಯಿಟ್ಟು ಕೇಳಿದಳು. ತನ್ನ ಅಂಗಡಿಯ ಗಡಿಯಾರಕ್ಕಿಂತ ಇದೇ ಸರಿಯಾಗಿ ನಡೀತಿದೆ, ಇನ್ನು ಮೇಲೆ ಇವಳನ್ನು ನೋಡಿಯೇ ಒಲೆ ಹಚ್ಚುತ್ತೇನೆ ಎಂದು ತೀರ್ಪು ಕೊಟ್ಟಳು. ಯಾರೋ ನಕ್ಕರು.

ಸುಯುನ್ ಕಂಕುಳಲ್ಲಿದ್ದ ಸುರುಳಿ ಬಿಚ್ಚಿ, ಗುರುಗಳ ಕುರ್ಚಿಯ ಮುಂದೆ ಎರಡೂ ಕೈಯಲ್ಲಿ ಹಿಡಿದು ಬಾಗಿದಳು. 'ಇಪ್ಪತ್ತೊಂದು ವರ್ಷ ಕಾಲ ಮೇಲೆ ನಿಲ್ಲಿಸಿದಿರಿ. ಕತ್ತಿಯ ಹತ್ತಿರ ನಡೆದೇ ಹೋದೆ.' ಕೆಳಗೆ ಅವಳ ಹೆಸರು. ಮುದುಕರು ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ನಿಧಾನವಾಗಿ ಓದಿದರು. ಆಮೇಲೆ ಪಟವನ್ನು ಪಕ್ಕಕ್ಕೆ ಸರಿಸಿ, ಅವಳ ಕೈ ಎಳೆದುಕೊಂಡು, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. ಅಧಿಕಾರಿಗಳು ಕಾಯ್ದರು.

"ಇಂಥ ನಾಡಿಗೆ ನನ್ನ ಹತ್ರ ಪದ್ಯ ಇಲ್ಲ" ಎಂದರು ಕೊನೆಗೆ. ದನಿಯಲ್ಲಿ ಬೇಸರವಿರಲಿಲ್ಲ. "ಯಾರಾದರೂ ಕಟ್ಟಬೇಕು. ಷಾವ್‌ಚೆಂಗ್, ಮೊಳೆ ಅಲ್ಲೇ ಇದೆಯಲ್ಲ, ಇದನ್ನ ಹಾಕು."

ಷಾವ್‌ಚೆಂಗ್ ಅಲುಗಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು. ಮುದುಕರು ಎರಡನೆಯ ಸಲ ಹೇಳಲಿಲ್ಲ, ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಮಗನನ್ನೇ ನೋಡುತ್ತಾ ಕೂತರು. ಅವನು ಮಣೆ ಹತ್ತಿದ. ಒಂದು ಸಲ ಸೊಟ್ಟಗೆ ಹಾಕಿ, ಇಳಿದು ನೋಡಿ, ಮತ್ತೆ ಹತ್ತಿ ನೇರ ಮಾಡಿದ. ಕನ್ನಡಕದ ಅಧಿಕಾರಿ ಪಟವನ್ನು ಓದಿ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಏನೆಂದು ಯಾರಿಗೂ ತೋರಿಸಲಿಲ್ಲ.

ಆಮೇಲೆ ಅಡಿಕೆ ಕತ್ತರಿಸುವುದನ್ನು ನೋಡಬೇಕೆಂದು ಅವರು ಕೇಳಿದರು. ಷಾವ್‌ಚೆಂಗ್ ಅದಕ್ಕಾಗಿ ಪಕ್ಕದ ಊರಿನಿಂದ ಒಬ್ಬನನ್ನು ಕರೆಸಿದ್ದ. ಅವನು ಬೆಂಚಿನ ಕಡೆ ಹೊರಡುವಷ್ಟರಲ್ಲಿ ಸುಯುನ್ ಅಲ್ಲಿ ಕುಳಿತಾಗಿತ್ತು. ಜೇಬಿನಿಂದ ಹೊಸ ಚರ್ಮದ ಬೆರಳುಗವಸುಗಳನ್ನು ತೆಗೆದು ಎಡಗೈಯ ಐದೂ ಬೆರಳಿಗೆ ಹಾಕಿಕೊಂಡಳು.

"ಡಾಕ್ಟ್ರು ಕತ್ತಿ ಹಿಡೀಬೇಡ ಅಂದಿಲ್ವಾ?" ಎಂದ ಷಾವ್‌ಚೆಂಗ್. ಪಟ ಇಳಿದ ಮೇಲೆ ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು. ಕೇಳಿದ ರೀತಿಯಲ್ಲಿ ಚಿಕ್ಕಂದಿನ ಅಣ್ಣನ ದನಿ ಸ್ವಲ್ಪ ಇತ್ತು.

"ಬಿಟ್ಟರೆ ಮೇಲು ಅಂದ್ರು. ಇಪ್ಪತ್ತೊಂಬತ್ತು ವರ್ಷಕ್ಕೆ ಒಂದು ಗಾಯ ಆಗಿದೆ. ಇನ್ನೊಂದು ಆಗೋಕೆ ನನಗೆ ಎಪ್ಪತ್ತೆಂಟಾಗಿರ್ತದೆ. ಅಡಿಕೆ ಕೊಡು."

ಅವನು ನೆನೆಸಿಟ್ಟ ಅಡಿಕೆಗಳಲ್ಲಿ ಒಂದನ್ನು ಆರಿಸಿ ಕೊಟ್ಟ. ಅವಳು ಅದನ್ನು ಬೆಂಚಿನ ಇಕ್ಕಳದಲ್ಲಿ ಕೂರಿಸಿ, ಅಲಗು ಇಳಿಸಿದಳು. ಬಿಲ್ಲೆಗಳು ಒಂದರ ಮೇಲೊಂದು ಬೀಳತೊಡಗಿದವು, ಬೆಳಕು ಆಚೆಗೆ ಹಾಯುವಷ್ಟು ತೆಳು. ಅಧಿಕಾರಿಗಳು ಪಿಸುದನಿಯಲ್ಲಿ ಎಣಿಸುತ್ತಿದ್ದರು. ಕತ್ತಿಯ ಸದ್ದು ಒಂದು ತಾಳದಲ್ಲಿ, ಎದೆಯ ಸದ್ದು ಇನ್ನೊಂದು ತಾಳದಲ್ಲಿ ನಡೆದಿತ್ತು. ಎರಡೂ ಸೇರಲಿಲ್ಲ. ಸೇರಿಸಲು ಅವಳು ಹೋಗಲೂ ಇಲ್ಲ.